ಸರ್ಕಾರದ ಅಲ್ಗಾರಿದಮ್‌ಗೆ ಪ್ರಶ್ನೆ ಕೇಳುವುದನ್ನು ಲೈಬ್ರರಿ ಕಲಿಸಬಹುದೇ?

ಎಐ ಸಾಕ್ಷರತೆ ಅಂದ ಕೂಡಲೇ ಬಹಳ ಜನಕ್ಕೆ ಹೊಳೆಯುವುದು ಚಾಟ್‌ಬಾಟ್ ತರಗತಿ. ಹೀಗೆ ಕೇಳಿದರೆ ಒಳ್ಳೆ ಉತ್ತರ ಬರುತ್ತದೆ, ಹೀಗೆ ಹೇಳಿದರೆ ರಜಾ ಅರ್ಜಿ ಬರೆದುಕೊಡುತ್ತದೆ, ಇಂಥದ್ದು. ಅದೂ ಬೇಕು, ತಪ್ಪೇನಿಲ್ಲ. ಆದರೆ ಎಐ ನಾವು ಕರೆದಾಗ ಮಾತ್ರ ಬರುವ ಅತಿಥಿಯೇನೂ ಅಲ್ಲ. ಸಹಾಯಧನ ಪಡೆಯುವವರಲ್ಲಿ ಯಾರ ಮೇಲೆ ಅನುಮಾನ ಪಡಬೇಕು, ಯಾರನ್ನು ತನಿಖೆಗೆ ಕರೆಯಬೇಕು ಎಂದು ಯಾವುದೋ ಕಚೇರಿಯ ಕಂಪ್ಯೂಟರ್ ಲೆಕ್ಕ ಹಾಕುತ್ತಿರುತ್ತದೆ. ಆ ಲೆಕ್ಕದ ಸೂತ್ರವೇ ಅಲ್ಗಾರಿದಮ್. ಅಂಥ ಲೆಕ್ಕ ನಡೆದಿದೆ ಅನ್ನುವುದೇ ಆ ಮನುಷ್ಯನಿಗೆ ಗೊತ್ತಿರುವುದಿಲ್ಲ. ಅವನ ಕೈಗೆ ಬರುವುದು ಒಂದು ಪತ್ರ ಅಷ್ಟೇ.

ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ ಪತ್ರ ಹಿಡಿದುಕೊಂಡು ಜನ ಹೋಗುವ ಜಾಗಗಳಲ್ಲಿ ಸಾರ್ವಜನಿಕ ಗ್ರಂಥಾಲಯವೂ ಒಂದು. 2019ರಿಂದ ಅಲ್ಲಿನ ಲೈಬ್ರರಿಗಳಲ್ಲಿ ಡಿಜಿಟಲ್ ಸರ್ಕಾರದ ಬಗ್ಗೆ ಮಾಹಿತಿ ಕೊಡುವ ಕೌಂಟರ್‌ಗಳು ಶುರುವಾದವು. ಈಗ ಅಂಥವು ನೂರಾರಿವೆ. ತೆರಿಗೆ ಇಲಾಖೆ, ನಿರುದ್ಯೋಗ ಭತ್ಯೆ ಕೊಡುವ ಸಂಸ್ಥೆ, ಪಿಂಚಣಿ ಕೊಡುವ ಸಂಸ್ಥೆ ಮುಂತಾದವು ರಾಷ್ಟ್ರೀಯ ಗ್ರಂಥಾಲಯದ ಜೊತೆ ಸೇರಿ ಇದನ್ನು ಕಟ್ಟಿದವು. ಆ ದೇಶದಲ್ಲಿ ಸರ್ಕಾರದ ಜೊತೆಗಿನ ವ್ಯವಹಾರ ಹೆಚ್ಚುಕಮ್ಮಿ ಪೂರ್ತಿ ಆನ್‌ಲೈನ್ ಆಗಿದೆ. ಡಿಜಿಡಿ ಅನ್ನುವ ಲಾಗಿನ್ ಇಲ್ಲದಿದ್ದರೆ ಬಹಳ ಕೆಲಸ ನಿಂತುಹೋಗುತ್ತದೆ. ಅದು ಬಾರದವರು, ಅರ್ಜಿಯ ಭಾಷೆ ಅರ್ಥವಾಗದವರು ಲೈಬ್ರರಿಗೆ ಬರುತ್ತಾರೆ. ಸಿಬ್ಬಂದಿ ದಾರಿ ತೋರಿಸುತ್ತಾರೆ. ತಮ್ಮ ಕೈಯಲ್ಲಾಗದ್ದಕ್ಕೆ ಉಚಿತ ಕಾನೂನು ನೆರವಿನ ಕಡೆಗೋ ಸಮಾಜ ಕಾರ್ಯಕರ್ತರ ಕಡೆಗೋ ಕಳಿಸುತ್ತಾರೆ.

ಲೈಬ್ರರಿಗೆ ಯಾಕೆ ಈ ಉಸಾಬರಿ ಅನ್ನಿಸಬಹುದು. 2015ರಲ್ಲಿ ಜಾರಿಗೆ ಬಂದ ಅಲ್ಲಿನ ಗ್ರಂಥಾಲಯ ಕಾನೂನು ಲೈಬ್ರರಿಗೆ ಐದು ಕೆಲಸ ಒಪ್ಪಿಸಿದೆ. ಪುಸ್ತಕ, ಓದು, ಮಾಹಿತಿ ಇದ್ದೇ ಇವೆ. ಕಲಿಕೆಯೂ ಇದೆ, ಕಲೆಯೂ ಇದೆ. ಅವುಗಳ ಜೊತೆ ಜನ ಒಟ್ಟು ಸೇರಿ ಚರ್ಚೆ ಮಾಡುವುದಕ್ಕೆ ಅನುವು ಮಾಡಿಕೊಡುವುದೂ ಇದೆ. ಫಿನ್‌ಲ್ಯಾಂಡ್‌ನ ಕಾನೂನು ಇನ್ನೂ ನೇರ. 2017ರಿಂದ ಜಾರಿಯಲ್ಲಿರುವ ಅದು ಸಕ್ರಿಯ ಪೌರತ್ವ, ಪ್ರಜಾಪ್ರಭುತ್ವ, ಅಭಿವ್ಯಕ್ತಿ ಸ್ವಾತಂತ್ರ್ಯ ಇವನ್ನೇ ಗ್ರಂಥಾಲಯದ ಗುರಿಗಳಲ್ಲಿ ಸೇರಿಸಿದೆ. ಹೆಲ್ಸಿಂಕಿಯ ಓಡಿ (Oodi) ಗ್ರಂಥಾಲಯ 2018ರಲ್ಲಿ ಬಾಗಿಲು ತೆರೆದದ್ದು ಸಂಸತ್ತಿನ ಎದುರಿಗೆ. ಅದೇ ವರ್ಷ ಹೆಲ್ಸಿಂಕಿ ವಿಶ್ವವಿದ್ಯಾಲಯ ಒಂದು ಖಾಸಗಿ ಕಂಪನಿಯ ಜೊತೆ ಸೇರಿ, ದೇಶದ ಶೇ. 1ರಷ್ಟು ಜನಕ್ಕಾದರೂ ಎಐ ಅಂದರೇನು ಎಂದು ಹೇಳಿಕೊಡಬೇಕು ಅಂತ ಉಚಿತ ಆನ್‌ಲೈನ್ ಕೋರ್ಸ್ ಶುರು ಮಾಡಿತು. ಫಿನ್‌ಲ್ಯಾಂಡ್ ಕಥೆ ಚೆಂದ. ಆದರೆ ಈ ವಿಷಯ ಅರ್ಥವಾಗಬೇಕಾದರೆ ಪೆಟ್ಟು ತಿಂದ ದೇಶವನ್ನು ನೋಡುವುದು ಒಳ್ಳೆಯದು. ಅದಕ್ಕೇ ನೆದರ್‌ಲ್ಯಾಂಡ್ಸ್.

ಅಲ್ಲಿ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಮಕ್ಕಳನ್ನು ಡೇಕೇರ್‌ನಲ್ಲಿ ಬಿಡಲು ಸರ್ಕಾರ ಸಹಾಯಧನ ಕೊಡುತ್ತದೆ. ತೆರಿಗೆ ಇಲಾಖೆ ಈ ಅರ್ಜಿಗಳಲ್ಲಿ ಮೋಸ ಹುಡುಕಲು ಒಂದು ವ್ಯವಸ್ಥೆ ಬಳಸುತ್ತಿತ್ತು. ಅದು ಪ್ರತಿ ಅರ್ಜಿಗೂ ಇದರಲ್ಲಿ ಎಷ್ಟು ರಿಸ್ಕ್ ಇದೆ ಎಂದು ಅಂಕ ಕೊಡುತ್ತಿತ್ತು. ಅರ್ಜಿದಾರರು ಡಚ್ ಪ್ರಜೆಯೋ ಅಲ್ಲವೋ ಅನ್ನುವುದೂ ಆ ಅಂಕದ ಲೆಕ್ಕದೊಳಗೆ ಇತ್ತು. ಹೀಗೆ ಸಿಕ್ಕಿಬಿದ್ದವರಲ್ಲಿ ಬಹಳ ಜನ ಮಾಡಿದ ತಪ್ಪು ಒಂದು ಸಹಿ ಬಿಟ್ಟದ್ದೋ ತಮ್ಮ ಪಾಲಿನ ಸಣ್ಣ ಮೊತ್ತ ಕಟ್ಟದೆ ಇದ್ದದ್ದೋ ಆಗಿತ್ತು. ಶಿಕ್ಷೆ ಮಾತ್ರ ಪೂರ್ತಿ ಹಣ ವಾಪಸ್ ಕೊಡಿ ಅನ್ನುವುದು. ಹತ್ತಾರು ಸಾವಿರ ಯೂರೋ. ಮನೆ ಮಾರಿದವರಿದ್ದಾರೆ, ಕೆಲಸ ಕಳೆದುಕೊಂಡವರಿದ್ದಾರೆ, ಸಂಸಾರ ಮುರಿದವರಿದ್ದಾರೆ. ತಮ್ಮ ಕಡತ ತೋರಿಸಿ ಎಂದು ಕೇಳಿದ ಕೆಲವರಿಗೆ ಸಿಕ್ಕಿದ್ದು ಸಾಲುಗಳಿಗೆಲ್ಲ ಕಪ್ಪು ಬಳಿದ ಹಾಳೆಗಳು. 2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿಯ ವರದಿ ಬಂತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು.

ಇಲ್ಲಿ ತಪ್ಪು ಮಾಡಿದ್ದು ಬರೀ ಕಂಪ್ಯೂಟರ್ ಅಲ್ಲ. ಸಣ್ಣ ತಪ್ಪಿಗೂ ಪೂರ್ತಿ ವಸೂಲಿ ಎಂದು ಕಾನೂನನ್ನು ಅರ್ಥ ಮಾಡಿಕೊಂಡದ್ದಿತ್ತು. ಕೇಳಿಸಿಕೊಳ್ಳದ ಅಧಿಕಾರಿಗಳಿದ್ದರು. ಬಹಳ ದಿನ ಅವರ ಪಕ್ಷಕ್ಕೇ ನಿಂತ ನ್ಯಾಯಾಲಯಗಳೂ ಇದ್ದವು. ಅಲ್ಗಾರಿದಮ್ ಮಾಡಿದ್ದೇನೆಂದರೆ, ಅನುಮಾನಕ್ಕೆ ಒಂದು ಸಂಖ್ಯೆ ಕೊಟ್ಟಿತು. ಅನುಮಾನ ಸಂಖ್ಯೆಯ ರೂಪದಲ್ಲಿ ಬಂದಾಗ ಅದನ್ನು ಯಾರೂ ಅನುಮಾನ ಅನ್ನುವುದಿಲ್ಲ, ಮಾಹಿತಿ ಅನ್ನುತ್ತಾರೆ.

ಹಾಗಾದರೆ ಆ ಸಂಖ್ಯೆ ಹುಟ್ಟುವುದು ಹೇಗೆ? ಇದನ್ನು ತಿಳಿಯಲು ರಾಟರ್‌ಡ್ಯಾಮ್ ಊರಿನ ಉದಾಹರಣೆ ಹೇಳಿ ಮಾಡಿಸಿದಂತಿದೆ. ಯಾಕೆಂದರೆ ಆ ನಗರಾಡಳಿತ ತನ್ನ ಅಲ್ಗಾರಿದಮ್ಮನ್ನು ಪತ್ರಕರ್ತರ ಕೈಗೆ ಕೊಟ್ಟಿತು. 2023ರಲ್ಲಿ ಅದರ ವಿವರ ಹೊರಬಂತು. ಕಲ್ಯಾಣ ಭತ್ಯೆ ಪಡೆಯುವವರಲ್ಲಿ ಯಾರನ್ನು ತನಿಖೆಗೆ ಕರೆಯಬೇಕು ಎಂದು ಸೂಚಿಸಲು 2017ರಿಂದ 2021ರವರೆಗೆ ಅದು ಬಳಕೆಯಲ್ಲಿತ್ತು. ಪ್ರತಿಯೊಬ್ಬರ ಬಗ್ಗೆ 315 ಸಂಗತಿಗಳನ್ನು ಅದು ನೋಡುತ್ತಿತ್ತು. ವಯಸ್ಸು, ಗಂಡೋ ಹೆಣ್ಣೋ, ಮಕ್ಕಳಿದ್ದಾರೋ, ಯಾವ ಬಡಾವಣೆ, ಡಚ್ ಭಾಷೆ ಎಷ್ಟು ಬರುತ್ತದೆ. ಭತ್ಯೆ ವಿಭಾಗದ ಸಿಬ್ಬಂದಿ ಆ ಮನುಷ್ಯನ ತೋರಿಕೆ, ನಡೆನುಡಿ ಬಗ್ಗೆ ಬರೆದಿಟ್ಟ ಟಿಪ್ಪಣಿಗಳೂ ಅದರಲ್ಲಿ ಸೇರಿದ್ದವು.

ಈ ಸಂಗತಿಗಳನ್ನು ಅದು ಹೌದು-ಇಲ್ಲ ಪ್ರಶ್ನೆಗಳ ಸರಣಿಗೆ ಹಾಕುತ್ತದೆ. ವಯಸ್ಸು ಇಷ್ಟಕ್ಕಿಂತ ಜಾಸ್ತಿಯೇ? ಹೌದು ಅಂದರೆ ಈ ಕಡೆ, ಇಲ್ಲ ಅಂದರೆ ಆ ಕಡೆ. ಆಮೇಲೆ ಇನ್ನೊಂದು ಪ್ರಶ್ನೆ. ಕೊನೆಗೆ ಒಂದು ಸಣ್ಣ ಅಂಕ. ಇಂಥ ಪ್ರಶ್ನೆ ಸರಣಿ ಒಂದಲ್ಲ, 500 ಇದ್ದವು. ಎಲ್ಲ ಸರಣಿಗಳ ಅಂಕ ಕೂಡಿಸಿ, ಸೊನ್ನೆಯಿಂದ ಒಂದರ ನಡುವೆ ಒಂದು ಸಂಖ್ಯೆ ಮಾಡುತ್ತದೆ. ಹೆಚ್ಚು ಅಂಕದವರಿಗೆ ಕರೆ ಬರುತ್ತದೆ. ಇಷ್ಟೇ ಇದರ ಒಳಗಿನ ಯಂತ್ರ. ಮಾಯೆ ಮಂತ್ರ ಏನಿಲ್ಲ, ಅಲ್ವಾ? ಒಂದು ಸರಣಿಯನ್ನು ಕಾಗದದ ಮೇಲೆ ಬರೆದು, ಹತ್ತು ಜನರನ್ನು ಕೂರಿಸಿಕೊಂಡು ಅರ್ಧ ಗಂಟೆಯಲ್ಲಿ ತೋರಿಸಬಹುದು.

ಪ್ರಶ್ನೆಗಳನ್ನು, ಅಂಕಗಳನ್ನು ಅಲ್ಲಿಟ್ಟವರು ಯಾರು ಅನ್ನುವುದು ಮುಂದಿನ ವಿಷಯ. ಹಿಂದೆ ನಡೆದ 12,707 ತನಿಖೆಗಳ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟಿದ್ದರು. ಯಾರ ತನಿಖೆಯಲ್ಲಿ ದೋಷ ಸಿಕ್ಕಿತು, ಅವರ ಲಕ್ಷಣಗಳೇನು ಎಂದು ಅದು ತಾನೇ ಹೊಂದಿಸಿಕೊಂಡಿತು. ಸಮಸ್ಯೆ ಇರುವುದು ಇಲ್ಲೇ. ಆ ತನಿಖೆಗಳಲ್ಲಿ ಹಲವಕ್ಕೆ ಜನರನ್ನು ಆರಿಸಿದ್ದು ಮನುಷ್ಯರು, ಅವರವರ ಅನುಮಾನದ ಪ್ರಕಾರ. ಒಂದೇ ಕೆರೆಗೆ ಬಲೆ ಬೀಸಿದವನಿಗೆ ಊರಿನ ಮೀನೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ. ಜೊತೆಗೆ, ಬೇಕಂತಲೇ ಮೋಸ ಮಾಡಿದವರನ್ನೂ ಫಾರಂ ತುಂಬುವಾಗ ಎಡವಿದವರನ್ನೂ ಆ ದಾಖಲೆ ಬೇರೆ ಬೇರೆ ಮಾಡಿರಲಿಲ್ಲ. ಭಾಷೆ ಬಾರದವರು ಫಾರಂನಲ್ಲಿ ಜಾಸ್ತಿ ಎಡವುತ್ತಾರೆ. ಕಂಪ್ಯೂಟರ್ ಕಲಿತದ್ದು, ಭಾಷೆ ಬಾರದವರು ರಿಸ್ಕ್ ಎಂದು. ಹೆಣ್ಣಾಗಿರುವುದು, ಮಕ್ಕಳಿರುವುದು, ಡಚ್ ಸರಿಯಾಗಿ ಬಾರದಿರುವುದು, ಮೂರೂ ಅಂಕ ಏರಿಸುತ್ತಿದ್ದವು. ಒಂಟಿ ತಾಯಿ, ಹೊರಗಿನಿಂದ ಬಂದವಳು ಅಂದರೆ ಮುಗಿಯಿತು.

ಇದೆಲ್ಲ ಬಹಳ ತಾಂತ್ರಿಕ, ಸಾಮಾನ್ಯರಿಗೆ ಯಾಕೆ ಬೇಕು ಅನ್ನುವವರಿದ್ದಾರೆ. ಆದರೆ ಅದೇ ಊರಿನಲ್ಲಿ ಸಾಮಾನ್ಯರೇ ಒಂದು ವ್ಯವಸ್ಥೆಯನ್ನು ನಿಲ್ಲಿಸಿದ್ದೂ ಉಂಟು. ಸಿರಿ ಎಂಬ ಹೆಸರಿನ ಇನ್ನೊಂದು ಸರ್ಕಾರಿ ವ್ಯವಸ್ಥೆ ಇತ್ತು. ಫೋನಿನಲ್ಲಿ ಮಾತಾಡುವ ಸಿರಿ ಅಲ್ಲ. ಬೇರೆ ಬೇರೆ ಇಲಾಖೆಗಳ ಮಾಹಿತಿ ಜೋಡಿಸಿ, ಒಂದಿಡೀ ಬಡಾವಣೆಯ ಜನರಲ್ಲಿ ಯಾರು ಮೋಸ ಮಾಡುತ್ತಿರಬಹುದು ಎಂದು ಹುಡುಕುವ ವ್ಯವಸ್ಥೆ. ರಾಟರ್‌ಡ್ಯಾಮ್‌ನಲ್ಲಿ ಬ್ಲೂಮ್‌ಹಾಫ್, ಹಿಲ್ಲೆಸ್‌ಲಾಯಿಸ್ ಎಂಬ ಎರಡು ಬಡ ಬಡಾವಣೆಗಳನ್ನು ಅದಕ್ಕೆ ಆರಿಸಿದ್ದರು. ಶ್ರೀಮಂತರ ಬಡಾವಣೆ ಯಾಕಿಲ್ಲ ಅನ್ನುವುದು ಯಾರಿಗಾದರೂ ಹೊಳೆಯುವ ಪ್ರಶ್ನೆ. ಅಲ್ಲಿನ ನಿವಾಸಿಗಳು ಕಾರ್ಮಿಕ ಸಂಘದ ಬೆಂಬಲದಿಂದ ಪ್ರತಿಭಟಿಸಿದರು. 2019ರಲ್ಲಿ ನಗರ ಹಿಂದೆ ಸರಿಯಿತು. 2020ರ ಫೆಬ್ರವರಿ 5ರಂದು ಹೇಗ್ ಜಿಲ್ಲಾ ನ್ಯಾಯಾಲಯ, ಈ ವ್ಯವಸ್ಥೆಗೆ ಆಧಾರವಾಗಿದ್ದ ಕಾನೂನು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಪ್ರತಿಭಟಿಸಿದವರಿಗೆ ಕೋಡಿಂಗ್ ಬರಬೇಕಾಗಿರಲಿಲ್ಲ. ತಮ್ಮ ಬೀದಿಯ ಮೇಲೆ ಏನು ನಡೆಯುತ್ತಿದೆ ಅನ್ನುವುದು ಗೊತ್ತಾಗಬೇಕಿತ್ತು.

ಇದಕ್ಕಿಂತ ಒಳ್ಳೆಯ ಪಾಠ ಆಮ್‌ಸ್ಟರ್‌ಡ್ಯಾಮ್‌ನದು. ಬೇರೆ ಊರುಗಳ ಅನಾಹುತ ನೋಡಿದ್ದ ಆ ನಗರ, ನಾವು ನ್ಯಾಯವಾದ ಅಲ್ಗಾರಿದಮ್ ಮಾಡೋಣ ಎಂದು ಹೊರಟಿತು. ಕಲ್ಯಾಣ ಭತ್ಯೆಗೆ ಬಂದ ಅರ್ಜಿಗಳಲ್ಲಿ ಯಾವುದನ್ನು ಹೆಚ್ಚು ಪರಿಶೀಲಿಸಬೇಕು ಎಂದು ಹೇಳುವ ವ್ಯವಸ್ಥೆ. 315 ಅಲ್ಲ, 15 ಸಂಗತಿ ಮಾತ್ರ. ಲಿಂಗ, ರಾಷ್ಟ್ರೀಯತೆ ಬಿಟ್ಟರು. ಯಾಕೆ ಈ ಅಂಕ ಬಂತು ಎಂದು ವಿವರಿಸಲು ಆಗುವಂಥ ಮಾದರಿಯನ್ನೇ ಆರಿಸಿದರು. ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿದರು. ಜೊತೆಗೆ, ಭತ್ಯೆ ಪಡೆಯುವವರನ್ನೂ ಅವರ ಪರ ಕೆಲಸ ಮಾಡುವವರನ್ನೂ ಒಳಗೊಂಡ ಒಂದು ಸಲಹಾ ಮಂಡಳಿಯ ಅಭಿಪ್ರಾಯ ಕೇಳಿದರು.

ಮಂಡಳಿಯ ಉತ್ತರ ಅಧಿಕಾರಿಗಳಿಗೆ ಕಹಿಯಾಗಿತ್ತು. ಇದು ಎಷ್ಟು ನಿಖರ, ಎಷ್ಟು ನ್ಯಾಯ ಅನ್ನುವ ಲೆಕ್ಕಕ್ಕೇ ಅವರು ಇಳಿಯಲಿಲ್ಲ. ನಮ್ಮನ್ನು ಮೊದಲೇ ಕಳ್ಳರಂತೆ ನೋಡುವ ಈ ಕೆಲಸವೇ ಯಾಕೆ ಬೇಕು ಎಂದರು. ನಗರ ಆದರೂ ಮುಂದುವರಿಯಿತು. 2023ರಲ್ಲಿ ನಿಜವಾದ ಅರ್ಜಿಗಳ ಮೇಲೆ ಪ್ರಯೋಗ ಮಾಡಿದಾಗ ತಾರತಮ್ಯ ಮತ್ತೆ ಕಾಣಿಸಿಕೊಂಡಿತು. ಮೊದಲು ಒಂದು ಗುಂಪಿನ ಕಡೆಗಿದ್ದ ಅನುಮಾನವನ್ನು ಸರಿಪಡಿಸಿದ್ದರು. ಅದು ಈಗ ಇನ್ನೊಂದು ಗುಂಪಿನ ಕಡೆಗೆ ತಿರುಗಿತ್ತು. ಆ ವರ್ಷದ ನವೆಂಬರ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟರು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ತಂತ್ರಜ್ಞರು ಸೋತದ್ದಲ್ಲ. ಅವರು ಪ್ರಾಮಾಣಿಕವಾಗಿಯೇ ಪ್ರಯತ್ನ ಮಾಡಿದರು. ಮಂಡಳಿಯವರು ಕೇಳಿದ ಪ್ರಶ್ನೆ ಯಾವ ಕೋಡ್‌ನಲ್ಲೂ ಬರೆದಿರದ ಪ್ರಶ್ನೆ. ಅದು ರಾಜಕೀಯ ಪ್ರಶ್ನೆ, ಆ ಪದದ ಒಳ್ಳೆಯ ಅರ್ಥದಲ್ಲಿ. ಹಣ, ಜನ, ಸಮಯವನ್ನು ಮೋಸ ಹುಡುಕಲು ಖರ್ಚು ಮಾಡಬೇಕೋ ಅಥವಾ ಅರ್ಹರಾಗಿದ್ದೂ ಅರ್ಜಿ ಹಾಕದವರನ್ನು ಹುಡುಕಲು ಖರ್ಚು ಮಾಡಬೇಕೋ? ಯಂತ್ರ ಅದೇ ಇರಬಹುದು. ಅದನ್ನು ಯಾವ ಕಡೆಗೆ ತಿರುಗಿಸುತ್ತೇವೆ ಅನ್ನುವುದು ಊರಿನವರು ಕೂತು ಮಾತಾಡಬೇಕಾದ ವಿಷಯ. ಹಾಗೆ ಮಾತಾಡಲು ತಕ್ಕಮಟ್ಟಿನ ತಿಳಿವಳಿಕೆ ಬೇಕು. ಬಾಡಿಗೆ ಕೊಡದೆ, ಯಾವ ಪಕ್ಷದ ಹಂಗೂ ಇಲ್ಲದೆ ಕೂರುವ ಜಾಗವೂ ಬೇಕು. ಎರಡೂ ಸಿಗುವ ಸರ್ಕಾರಿ ಕಟ್ಟಡ ಲೈಬ್ರರಿ ಬಿಟ್ಟರೆ ಇನ್ನಾವುದಿದೆ, ನೀವೇ ಹೇಳಿ.

ಲೈಬ್ರರಿಯವರು ಕಲಿಸಲು ಸಾಮಗ್ರಿ ಕೂಡ ಈಗ ಸಿಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ, ತಾವು ಬಳಸುವ ಅಲ್ಗಾರಿದಮ್‌ಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಆನ್‌ಲೈನ್‌ನಲ್ಲಿ ಇಟ್ಟವು. 2022ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಮಟ್ಟದ ಪಟ್ಟಿಯನ್ನೂ ಶುರು ಮಾಡಿತು. ಯಾವ ಕಚೇರಿ, ಯಾವ ಕೆಲಸಕ್ಕೆ, ಯಾವ ಮಾಹಿತಿ ಬಳಸಿ ಅಲ್ಗಾರಿದಮ್ ಓಡಿಸುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಒಪ್ಪುತ್ತೇನೆ, ಇದನ್ನು ಸುಮ್ನೆ ಕೂತು ಓದುವವರು ಕಡಿಮೆ. ಆದರೆ ಕೈಯಲ್ಲಿ ಒಂದು ಪತ್ರ ಇದ್ದಾಗ, ಪಕ್ಕದಲ್ಲಿ ತಿಳಿದವರೊಬ್ಬರು ಕೂತಾಗ, ಆ ಪಟ್ಟಿಗೆ ಜೀವ ಬರುತ್ತದೆ.

ಚುನಾವಣೆಯ ವಿಷಯವನ್ನೂ ಹೇಳಿಬಿಡಬೇಕು. 2025ರ ಅಕ್ಟೋಬರ್‌ನಲ್ಲಿ ಡಚ್ ಸಂಸತ್ ಚುನಾವಣೆಗೆ ಮೊದಲು ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಕೆಲವು ಚಾಟ್‌ಬಾಟ್‌ಗಳನ್ನು ಪರೀಕ್ಷೆ ಮಾಡಿತು. ಬೇರೆ ಬೇರೆ ನಿಲುವಿನ ಮತದಾರರಂತೆ ಪ್ರಶ್ನೆ ಕೇಳಿ, ಯಾರಿಗೆ ವೋಟು ಹಾಕಿ ಅನ್ನುತ್ತವೆ ಅಂತ ನೋಡಿತು. ಅರ್ಧಕ್ಕಿಂತ ಹೆಚ್ಚು ಸಲ ಮೊದಲ ಸ್ಥಾನದಲ್ಲಿ ಬಂದದ್ದು ಅವೇ ಎರಡು ಪಕ್ಷಗಳು, ಕೇಳಿದವರ ನಿಲುವು ಏನೇ ಇರಲಿ. ವೋಟಿನ ಸಲಹೆಗೆ ಇವುಗಳನ್ನು ನಂಬಬೇಡಿ ಎಂದು ಪ್ರಾಧಿಕಾರ ಎಚ್ಚರಿಸಿತು. ಈ ಪ್ರಯೋಗವನ್ನು ಯಾವ ಲೈಬ್ರರಿಯಲ್ಲಾದರೂ ಮಾಡಬಹುದು. ಒಂದೇ ಪ್ರಶ್ನೆಯನ್ನು ಐದು ಜನ ಬೇರೆ ಬೇರೆ ಥರ ಕೇಳಿ, ಉತ್ತರಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಸಾಕು. ಹತ್ತು ಭಾಷಣಕ್ಕಿಂತ ಅದು ಮೇಲು.

ಹಾಗಂತ ಡಚ್ ವ್ಯವಸ್ಥೆಯನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ನನಗೆ ಒಂದು ಅನುಮಾನ ಉಳಿದೇ ಇದೆ. ಲೈಬ್ರರಿಯ ಕೌಂಟರ್‌ಗೆ ಬೆಂಬಲ ಕೊಡುವ ಸರ್ಕಾರಿ ಸಂಸ್ಥೆಗಳಲ್ಲಿ ತೆರಿಗೆ ಇಲಾಖೆಯೂ ಒಂದು. ಜನರನ್ನು ಆನ್‌ಲೈನ್‌ಗೆ ತಳ್ಳಿದ ಸರ್ಕಾರ, ಅದರಿಂದಾದ ತೊಂದರೆ ಸಂಭಾಳಿಸುವ ಕೆಲಸವನ್ನು ಲೈಬ್ರರಿಗೆ ದಾಟಿಸಿದೆ ಅಂತಲೂ ಇದನ್ನು ಓದಬಹುದು. ಫಾರಂ ತುಂಬಲು ಕಲಿಸುವುದು ಒಂದು. ಆ ಫಾರಂನಲ್ಲಿ ಈ ಪ್ರಶ್ನೆ ಯಾಕಿದೆ ಎಂದು ಕೇಳಲು ಕಲಿಸುವುದು ಇನ್ನೊಂದು. ಮೊದಲನೆಯದರಲ್ಲೇ ನಿಂತರೆ ಲೈಬ್ರರಿ ಸರ್ಕಾರದ ಹೆಲ್ಪ್‌ಡೆಸ್ಕ್ ಆಗುತ್ತದೆ, ಅಷ್ಟೇ. ಎರಡನೆಯದಕ್ಕೆ ಹೋಗಬೇಕಾದರೆ ಲೈಬ್ರರಿಯನ್‌ಗೆ ಧೈರ್ಯ ಬೇಕು, ಕಾನೂನಿನ ಆಸರೆಯೂ ಬೇಕು.

ಇದು ನಮಗೆ ದೂರದ ಕಥೆಯೇನಲ್ಲ. ಪಕ್ಕದ ತೆಲಂಗಾಣದಲ್ಲಿ ಸಮಗ್ರ ವೇದಿಕ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ಮಾಹಿತಿ ಜೋಡಿಸಿ, ಯಾರು ಬಡವರು ಯಾರು ಅಲ್ಲ ಎಂದು ತೂಗುತ್ತಿತ್ತು. ಲಕ್ಷಗಟ್ಟಲೆ ರೇಷನ್ ಕಾರ್ಡ್ ರದ್ದಾದವು. ಹೆಸರು ಹೋಲುವ ಇನ್ಯಾರದೋ ಕಾರನ್ನು ಬಡವರೊಬ್ಬರ ಲೆಕ್ಕಕ್ಕೆ ಸೇರಿಸಿ, ರೇಷನ್ ಇಲ್ಲ ಅಂದ ಪ್ರಕರಣವೂ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಕಾರ್ಡ್‌ಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲನೆ ಮಾಡಿ ಎಂದಿತು. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ಗದ್ದಲ ಆದದ್ದು ನೆನಪಿರಬಹುದು. ಕಾರ್ಡ್ ಕಳೆದುಕೊಂಡ ಅರ್ಹರಿಗೆ ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಬೇಕಾಯಿತು. ಅಲ್ಲಿ ಎಐ ಮಾತೇನೂ ಇರಲಿಲ್ಲ. ಆದರೆ ಜನ ಕೇಳಿದ್ದು ಅದೇ ಪ್ರಶ್ನೆ: ನನ್ನ ಕಾರ್ಡ್ ಯಾಕೆ ಹೋಯಿತು, ಯಾವ ದಾಖಲೆ ನೋಡಿ ತೀರ್ಮಾನ ಮಾಡಿದಿರಿ?

ಆ ಪ್ರಶ್ನೆಗೆ ನಮ್ಮಲ್ಲಿ ಕಾನೂನಿನ ಬಲ ಈಗಾಗಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಪ್ರಕಾರ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ. ಕಂಪ್ಯೂಟರ್ ಹೀಗೆ ತೋರಿಸುತ್ತಿದೆ ಅನ್ನುವುದು ಕಾರಣ ಅಲ್ಲ. ಎಐ ಸಾಕ್ಷರತೆಯ ಕನ್ನಡ ಪಾಠವೊಂದನ್ನು ಯಾರಾದರೂ ಬರೆಯುವುದಾದರೆ, ಈ ಕಲಮಿನಿಂದಲೇ ಶುರು ಮಾಡಲಿ ಅನ್ನುವುದು ನನ್ನ ಆಸೆ. ನ್ಯೂರಲ್ ನೆಟ್‌ವರ್ಕ್‌ನಂಥ ಎಐನ ಒಳಗಿನ ತಾಂತ್ರಿಕ ಸಂಗತಿ ಆಮೇಲೆ ನೋಡಿಕೊಳ್ಳೋಣ.

ಜಾಗವೂ ಇದೆ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಬಹಳ ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿದೆ. ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರ ಇದೆ. ಅದು ಅರ್ಜಿಯನ್ನು ಮುಂದಕ್ಕೆ ಕಳಿಸುತ್ತದೆ. ತಿರಸ್ಕಾರವಾಗಿ ಬಂದ ಅರ್ಜಿ ಹಿಡಿದು ಕೂತು, ಇದು ಯಾಕೆ ಹೀಗಾಯಿತು, ಯಾರಿಗೆ ಬರೆಯಬೇಕು ಎಂದು ನಿಧಾನವಾಗಿ ಹೇಳುವುದು ಆ ಕೌಂಟರಿನ ಕೆಲಸ ಅಲ್ಲ. ಅರಿವು ಕೇಂದ್ರ ಇರುವುದು ಪಂಚಾಯಿತಿಯ ಅಡಿಯಲ್ಲೇ ಆದ್ದರಿಂದ, ಅಲ್ಲಿ ಎದ್ದ ಪ್ರಶ್ನೆ ಗ್ರಾಮಸಭೆಗೆ ಹೋಗುವ ದಾರಿಯೂ ಹತ್ತಿರ. ನಾಲ್ಕು ಮನೆಯವರ ಕಾರ್ಡ್ ಒಂದೇ ಕಾರಣಕ್ಕೆ ರದ್ದಾಗಿದೆ ಎಂದು ಅಲ್ಲಿ ಗೊತ್ತಾದರೆ, ಅದು ಒಬ್ಬೊಬ್ಬರ ಕಷ್ಟವಾಗಿ ಉಳಿಯುವುದಿಲ್ಲ, ಊರಿನ ವಿಷಯವಾಗುತ್ತದೆ.

ಇದನ್ನೆಲ್ಲ ಮೇಲ್ವಿಚಾರಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಅರಿವು ಕೇಂದ್ರಕ್ಕೆ ಹೆಚ್ಚಾಗಿ ಇರುವುದು ಒಬ್ಬರೇ ಮೇಲ್ವಿಚಾರಕರು. ಬಾಗಿಲು ತೆಗೆಯುವುದರಿಂದ ಹಿಡಿದು ಮಕ್ಕಳ ಓದಿನವರೆಗೆ ಅವರದೇ ಜವಾಬ್ದಾರಿ. ತರಬೇತಿ ಕೊಡಬೇಕು, ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ನಾವು ಕಟ್ಟುತ್ತಲೇ ಇದ್ದೇವೆ. ಆ ದುಡ್ಡಿನ ಲೆಕ್ಕವೂ ಮಾಹಿತಿ ಹಕ್ಕಿನಡಿ ಕೇಳಬಹುದಾದದ್ದೇ. ಒಂದು ಸಂಜೆ ಹತ್ತು ಜನ ಅರಿವು ಕೇಂದ್ರದಲ್ಲಿ ಕೂತು, ತಮ್ಮ ತಾಲ್ಲೂಕು ಕಚೇರಿ ಅರ್ಹರನ್ನು ಆರಿಸಲು ಯಾವ ಸಾಫ್ಟ್‌ವೇರ್ ಬಳಸುತ್ತದೆ, ಅದು ಯಾವ ಯಾವ ಮಾಹಿತಿ ನೋಡುತ್ತದೆ, ತಪ್ಪಾದರೆ ತಿದ್ದುವ ಅಧಿಕಾರಿ ಯಾರು ಎಂದು ಒಂದು ಮಾಹಿತಿ ಹಕ್ಕು ಅರ್ಜಿ ಬರೆದರೆ, ಸಾಮಾನ್ಯ ಅರ್ಜಿದಾರರಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಗಡುವು 30 ದಿನ.